ಅಕ್ಕನ ಮನೆ ಕಂಪ್ಯೂಟರ್, ನಾಲ್ಕು ರವಿವಾರ

ದೀಪಾವಳಿಗೆ ಯಾದಗಿರಿಗೆ ಹೋಗಿದ್ದೆ. ಕೈಕಾಲು ತೊಳೆದು ಕೂತಿದ್ದೇ ತಡ, ಅಕ್ಕ ಕಂಪ್ಯೂಟರ್ ವಿಷಯ ತೆಗೆದಳು. "ತಮ್ಮಾ, ಅಪ್‌ಡೇಟ್ ಆಗ್ಲತ್ತಿಲ್ಲ. ದಿನಾ ಮುಂಜಾನೆ ರೀಟ್ರೈ ಒತ್ತತೀನಿ, ದಿನಾ ಫೇಲ್ ಅಂತದ. ನೀ ಒಂದ್ಸಲ ನೋಡು."

ಎರಡು ತಿಂಗಳಿಂದ ಹೀಗೇ ನಡೆದಿತ್ತಂತೆ. ನನಗೆ ಸುಮ್ನೆ ಇರೋಕೆ ಆಗಲಿಲ್ಲ. ಆ ಮಷೀನ್ ಜೋಡಿಸಿ ಕೊಟ್ಟವನು ನಾನೇ. 2019ರ ಜೂನ್‌ನಲ್ಲಿ ಬಿಡಿಭಾಗ ತಂದು ಕಲಬುರಗಿಯ ನಮ್ಮ ಮನೆಯಲ್ಲೇ ಕೂಡಿಸಿದ್ದೆ. ಎಂಟನೇ ತಲೆಮಾರಿನ ಇಂಟೆಲ್ ಐ3, 8 ಜಿಬಿ ರ‍್ಯಾಮ್, ವಿಂಡೋಸ್‌ಗೆ 120 ಜಿಬಿ ಎಸ್‌ಎಸ್‌ಡಿ, ಉಳಿದದ್ದಕ್ಕೆ 1 ಟಿಬಿ ಹಾರ್ಡ್ ಡಿಸ್ಕ್. ಭಾವನ ಗೊಬ್ಬರದ ಅಂಗಡಿ ಲೆಕ್ಕ ಅದರಲ್ಲೇ. ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ, ಅವಳ ಪಾಠವೂ ಅದರಲ್ಲೇ. ಬ್ಯಾಂಕ್ ಕೆಲಸವನ್ನೂ ಅದರಲ್ಲೇ ಮಾಡುತ್ತಾರೆ. ಭದ್ರತಾ ಅಪ್‌ಡೇಟ್ ಇಲ್ಲದೆ ಬ್ಯಾಂಕಿಗೆ ಲಾಗಿನ್ ಆಗೋದು ಒಳ್ಳೇದಲ್ಲ, ಅಲ್ವಾ? ಅದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿದಿತ್ತು. ಈ ಪ್ರೊಸೆಸರ್ ವಿಂಡೋಸ್ 11ಕ್ಕೆ ನಡೆಯುತ್ತದೆ. ಆದರೆ ಇರೋ ವಿಂಡೋಸೇ ಕೆಟ್ಟು ಕೂತಿರುವಾಗ ಅದರ ಮೇಲೆ ಹೊಸದು ಹಾಕೋದು ಬೇಡ ಅನ್ನಿಸಿತು. ಮೊದಲು ಹತ್ತನ್ನು ಸರಿ ಮಾಡೋದು, ಆಮೇಲೆ ಹನ್ನೊಂದು.

ಹಬ್ಬದ ದಿನ ರಿಪೇರಿ ಮಾಡಲಿಲ್ಲ, ಬರೀ ಓದಿದೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಹಿಸ್ಟರಿ ಅಂತ ಒಂದು ಪುಟ ಇದೆ. ಸೋತ ಪ್ರತಿ ಪ್ರಯತ್ನದ ಮುಂದೆ ತಾರೀಖು, ಒಂದು ಕೋಡ್ ಇರುತ್ತದೆ. ಹೆಚ್ಚಿನ ಜನ ಈ ಪುಟ ತೆರೆಯೋದೇ ಇಲ್ಲ. ನಾನು ಅಕ್ಕನ ಮಗಳನ್ನು ಕರೆದು ಒಂದು ನೋಟ್‌ಬುಕ್ ತರಿಸಿದೆ. ನಾನು ಓದುತ್ತಾ ಹೋದೆ, ಅವಳು ಬರೆದಳು. ಬಹುತೇಕ ಎಲ್ಲಾ ಸಾಲಲ್ಲೂ ಒಂದೇ ಕೋಡ್: 0ಎಕ್ಸ್80072ಎಫ್8ಎಫ್. ಬರೆಯುತ್ತಾ ಬರೆಯುತ್ತಾ ಅವಳೇ ತಡೆದಳು. "ಮಾಮಾ, ಇಲ್ಲಿ 2018ರ ಜನವರಿ ಅಂತ ಅದ. ಕಂಪ್ಯೂಟರ್ ತಂದಿದ್ದು 2019ರಾಗ ಅಲ್ಲ?"

ಅವಳು ಹೇಳಿದ್ದು ಸರಿ. ಕೊಂಡುಕೊಳ್ಳೋದಕ್ಕೂ ಮುಂಚೆ ಆ ಕಂಪ್ಯೂಟರ್ ಅಪ್‌ಡೇಟ್ ಮಾಡಲು ಹೋಗಿ ಸೋತಿತ್ತು!

ಕೇಳಿದರೆ ಗೊತ್ತಾಯಿತು. ಮುಂಜಾನೆ ಆನ್ ಮಾಡಿದಾಗ ಗಡಿಯಾರ ಪ್ರತಿದಿನ ತಪ್ಪಿರುತ್ತಿತ್ತು. ಬ್ರೌಸರ್ ತೆರೆಯದಿದ್ದಾಗ ಹುಡುಗಿ ಕೈಯಿಂದ ತಾರೀಖು ಸರಿ ಮಾಡಿಕೊಳ್ಳುತ್ತಿದ್ದಳು. ಅದು ಹಲ್ಲುಜ್ಜಿದಷ್ಟು ರೂಢಿಯಾಗಿ, ಯಾರಿಗೂ ಹೇಳಬೇಕು ಅನ್ನಿಸಿರಲಿಲ್ಲ.

ಆ ಮೊದಲ ಕೋಡ್ ಬರೋದಕ್ಕೆ ಕಾರಣ ಈ ಗಡಿಯಾರವೇ. ಹೇಗೆ ಅಂದರೆ ಹೀಗೆ. ಅಪ್‌ಡೇಟ್ ಸರ್ವರ್ ಜೊತೆ ಮಾತಾಡುವ ಮುಂಚೆ ವಿಂಡೋಸ್ ಅದರ ಸರ್ಟಿಫಿಕೇಟ್, ಅಂದರೆ ಗುರುತಿನ ಪತ್ರ, ನೋಡುತ್ತದೆ. ಸರ್ಟಿಫಿಕೇಟ್ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರ್ ತಾನು 2018ರಲ್ಲಿ ಇದ್ದೇನೆ ಅಂದುಕೊಂಡರೆ, 2025ರಲ್ಲಿ ಕೊಟ್ಟ ಸರ್ಟಿಫಿಕೇಟ್ ಅದಕ್ಕೆ ಇನ್ನೂ ಹುಟ್ಟೇ ಇಲ್ಲ. ನಂಬೋದಿಲ್ಲ, ಸಂಪರ್ಕ ಕಡಿದುಬಿಡುತ್ತದೆ. ಇಂಟರ್ನೆಟ್‌ನಿಂದ ಸಮಯ ತಾನೇ ತೆಗೆದುಕೊಳ್ಳಬಹುದಲ್ಲ ಅಂತ ಭಾವ ಕೇಳಿದರು. ಒಳ್ಳೇ ಪ್ರಶ್ನೆ. ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ಸಮಯದ ಸೇವೆಗೆ ಒಂದು ಮಿತಿ ಇದೆ, 54,000 ಸೆಕೆಂಡ್, ಅಂದರೆ 15 ಗಂಟೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ತಾನಾಗಿ ಮುಟ್ಟಲ್ಲ. ಇಲ್ಲಿ ವ್ಯತ್ಯಾಸ ಏಳು ವರ್ಷ.

ನಿಜವಾದ ತಾರೀಖು ಇದ್ದ ಎರಡೇ ಎರಡು ಸಾಲಿನಲ್ಲಿ ಬೇರೆ ಕೋಡ್ ಇತ್ತು, 0ಎಕ್ಸ್80070070. ಅದರ ಕೆಳಗೆ ಗೆರೆ ಎಳೆಸಿ ಇಟ್ಟೆ.

ನವೆಂಬರ್ 2

ಮುಂಜಾನೆ ರೈಲಿಗೆ ಕಲಬುರಗಿ ಬಿಟ್ಟೆ. ಶಹಾಬಾದ್, ವಾಡಿ, ನಾಲವಾರ ದಾಟಿ ಯಾದಗಿರಿ. ಚೀಲದಲ್ಲಿ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಬಣ್ಣ ಬಳಿಯೋ ಹೊಸ ಬ್ರಷ್.

ಕ್ಯಾಬಿನೆಟ್ ನೆಲದ ಫರಸಿ ಮೇಲೆ ಕೂತಿತ್ತು. ಆರು ವರ್ಷದ ಧೂಳು ಒಳಗೆ ಕಂಬಳಿ ಹಾಸಿದ ಹಾಗೆ. ಪ್ಲಗ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ, ಒಳಗೆ ಉಳಿದ ಕರೆಂಟ್ ಇಳಿಸಿದೆ. ಕ್ಯಾಬಿನೆಟ್ಟಿನ ತಗಡು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನೂ ಇಳಿಸಿಕೊಂಡೆ. ಒಳಗಿನ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡಿನ ಕೆಳಮೂಲೆಯಲ್ಲಿ ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ, ಸಿಆರ್2032. ಆ ಸಂಖ್ಯೆಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಪಕ್ಕದ ಸಣ್ಣ ಕೊಂಡಿಯನ್ನು ಉಗುರಿನಿಂದ ಹಿಂದಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೆ ಏಳುತ್ತದೆ. ಮೀಟಿ ಎಬ್ಬಿಸಬಾರದು, ಕೊಂಡಿ ಮುರಿದರೆ ಬೋರ್ಡೇ ಹೋದಂಗೆ. ಮೀಟರ್ ಹಚ್ಚಿದೆ. 3 ವೋಲ್ಟ್ ಇರಬೇಕಾದ ಕಡೆ 2.1 ತೋರಿಸಿತು.

ಈ ಸೆಲ್ ಮಾಡೋ ಕೆಲಸ ಸಣ್ಣದು. ಗೋಡೆಯಿಂದ ಕರೆಂಟ್ ಬರುವಷ್ಟು ಹೊತ್ತು ಅದಕ್ಕೆ ಬಿಡುವು, ಇಲ್ಲದಿದ್ದಾಗ ಗಡಿಯಾರ ನಡೆಸೋದು ಅದೇ. ಅಕ್ಕನ ಮನೆಯಲ್ಲಿ ರಾತ್ರಿ ಗೋಡೆಯ ಬೋರ್ಡಿನ ಸ್ವಿಚ್ ತೆಗೆಯುತ್ತಾರೆ. ಸಿಡಿಲು, ವೋಲ್ಟೇಜ್ ಏರಿಳಿತ ನೋಡಿದವರು ಯಾರಾದರೂ ಹಾಗೇ ಮಾಡುತ್ತಾರೆ, ನಾನೂ ಬಿಡಿಸಲು ಹೋಗಲಿಲ್ಲ. ಆದರೆ ಹಾಗೆ ಮಾಡಿದಷ್ಟೂ ಸೆಲ್ ಮೇಲೆ ಭಾರ ಜಾಸ್ತಿ. ಆರು ವರ್ಷ ಬಂದದ್ದೇ ಒಳ್ಳೇ ಬಾಳಿಕೆ.

ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ಸೆಲ್ ಸಿಕ್ಕಿತು. ಅಲ್ಲೇ ನಿಂತು ಅಳೆದೆ. ಮೊದಲು ಕೊಟ್ಟದ್ದು 2.8, ಎರಡನೇದು 3.2. ಎರಡನೇದನ್ನೇ ತಂದೆ. ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿದೆ. ಕ್ಯಾಬಿನೆಟ್ ಒಳಗಿನ ತಗಡಿಗೆ ಬಿಳಿ ಟೇಪ್ ಅಂಟಿಸಿ ಹುಡುಗಿ ಕೈಯಲ್ಲಿ "ಸೆಲ್ 2-11-2025" ಅಂತ ಬರೆಸಿದೆ.

ಗಡಿಯಾರ ಸರಿ ಮಾಡಿ ಅಪ್‌ಡೇಟ್ ಒತ್ತಿದರೆ ಮತ್ತೆ ಫೇಲ್. ಅಕ್ಕನ ಮುಖ ಇಳಿಯಿತು. ನನಗೆ ಖುಷಿಯಾಯಿತು, ಯಾಕೆಂದರೆ ಕೋಡ್ ಬದಲಾಗಿತ್ತು. ಮೊದಲ ಬಾಗಿಲು ತೆರೆದು ಎರಡನೇ ಬಾಗಿಲಿಗೆ ಬಂದಿದ್ದೇವೆ ಅಂತ ಅರ್ಥ. ಈಗ ಬಂದದ್ದು ಗೆರೆ ಎಳೆಸಿದ್ದ ಆ 80070070. ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಅದರ ಅರ್ಥ.

ವಿಂಡೋಸ್ ಇರುವ ಎಸ್‌ಎಸ್‌ಡಿ, ಅಂದರೆ ಸಿ ಡ್ರೈವ್‌ನಲ್ಲಿ ಉಳಿದದ್ದು 2.9 ಜಿಬಿ. 120 ಅಂತ ಕೊಂಡದ್ದು ವಿಂಡೋಸ್ ಲೆಕ್ಕದಲ್ಲಿ 111 ಆಗುತ್ತದೆ, ಅದರಲ್ಲಿ ಇಷ್ಟೇ. ಡೌನ್‌ಲೋಡ್ಸ್‌ನಲ್ಲಿ ಒಂದೇ ಪ್ರಶ್ನೆಪತ್ರಿಕೆ ಒಂಬತ್ತು ಸಲ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಮದುವೆ ವಿಡಿಯೊಗಳು, ಭಾವ ಸ್ಕ್ಯಾನ್ ಮಾಡಿಟ್ಟ ಬಿಲ್ಲುಗಳು. ಎಲ್ಲವನ್ನೂ ಡಿ ಡ್ರೈವ್‌ಗೆ, ಅಂದರೆ ಆ ದೊಡ್ಡ ಹಾರ್ಡ್ ಡಿಸ್ಕ್‌ಗೆ, ಸಾಗಿಸಿದೆವು, ಅಳಿಸಿದ್ದು ಕಡಿಮೆ. ಮನೆಯವರ ಫೋಟೊ, ಲೆಕ್ಕ ಅಳಿಸುವ ಹಕ್ಕು ರಿಪೇರಿ ಮಾಡೋನಿಗೆ ಇಲ್ಲ. ಆಮೇಲೆ ಡಿಸ್ಕ್ ಕ್ಲೀನಪ್ ನಡೆಸಿದೆ. ತೆರೆದ ಕೆಲಸವನ್ನು ಡಿಸ್ಕ್‌ಗೆ ಬರೆದಿಟ್ಟು ಆಫ್ ಆಗುವ ಹೈಬರ್ನೇಶನ್ ಯಾರೂ ಬಳಸುತ್ತಿರಲಿಲ್ಲ, ಅದನ್ನು ಆಫ್ ಮಾಡಿದಾಗ ಇನ್ನೂ 3 ಜಿಬಿ ಚಿಲ್ಲರೆ ಬಂತು. ಒಟ್ಟು 41 ಜಿಬಿ ಖಾಲಿ.

ಒಂದು ಮಾತು ಇಲ್ಲೇ ಹೇಳಬೇಕು. ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಅನ್ನೋ ಫೋಲ್ಡರ್ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕೈ ಹಾಕಬೇಡಿ. ಅದರಲ್ಲಿ ಬಹಳಷ್ಟು ಫೈಲ್‌ಗಳು ಬೇರೆ ಕಡೆಯೂ ಅದೇ ಹೆಸರಲ್ಲಿ ಕಾಣುವ ಒಂದೇ ಫೈಲ್, ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಕೈಯಿಂದ ಅಳಿಸಿದರೆ ಜಾಗಕ್ಕಿಂತ ಹೆಚ್ಚಾಗಿ ವಿಂಡೋಸೇ ಹೋಗುತ್ತದೆ.

ಡೌನ್‌ಲೋಡ್ ಶುರುವಾಯಿತು. ಸಂಜೆ ರೈಲು ಹಿಡಿಯಬೇಕಿತ್ತು. "ನೀಲಿ ಪರದೆ ಮೇಲೆ ಪರ್ಸೆಂಟ್ ಓಡುವಾಗ ಆಫ್ ಮಾಡಬ್ಯಾಡ್ರಿ" ಅಂತ ಹೇಳಿ ಹೊರಟೆ. ಮನೆಯಲ್ಲಿದ್ದ ಯುಪಿಎಸ್ ಬ್ಯಾಟರಿ ಸತ್ತಿದೆಯಾ ಅಂತ ನೋಡಲಿಲ್ಲ. ನೋಡಬೇಕಿತ್ತು.

ನವೆಂಬರ್ 5, ರಾತ್ರಿ ಫೋನ್

"ಮಾಮಾ, ಕರೆಂಟ್ ಹೋಯ್ತು. 74 ಪರ್ಸೆಂಟ್ ಇತ್ತು."

"ಈಗ ಬಂದದೇನು? ಏನ್ ತೋರಸ್ಲತ್ತದ?"

"ಮಾಡಿದ್ದನ್ನ ವಾಪಸ್ ತಗೊಳ್ಳತೀನಿ, ಆಫ್ ಮಾಡಬ್ಯಾಡ ಅಂತ ಅದ."

ಬಿಡಿ, ಮಲಗಿ, ಮುಂಜಾನೆ ನೋಡೋಣ ಅಂದೆ. ವಾಪಸ್ ತೆಗೆದುಕೊಳ್ಳೋದು ಹಾಕಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಬಹುದು. ಗಾಬರಿಯಾಗಿ ಸ್ವಿಚ್ ತೆಗೆದರೆ ಎರಡನೇ ಪೆಟ್ಟು. ಅವರು ಬಿಟ್ಟರು, ಮುಂಜಾನೆ ಡೆಸ್ಕ್‌ಟಾಪ್ ಬಂದಿತ್ತು. ಮತ್ತೆ ಅಪ್‌ಡೇಟ್ ಮಾಡಿದಾಗ ಮೂರನೇ ಕೋಡ್: 0ಎಕ್ಸ್80073712. ಇದು ನಿಜವಾಗಿ ಕೆಟ್ಟ ಸುದ್ದಿ. ವಿಂಡೋಸ್ ತನ್ನ ಎಲ್ಲಾ ಭಾಗಗಳ ಅಸಲಿ ಪ್ರತಿ ಒಂದು ಉಗ್ರಾಣದಲ್ಲಿ ಇಟ್ಟಿರುತ್ತದೆ, ಅದೇ ಮೇಲೆ ಹೇಳಿದ ವಿನ್‌ಎಸ್‌ಎಕ್ಸ್‌ಎಸ್. ಆ ಉಗ್ರಾಣವೇ ಹಾಳಾಗಿದೆ ಅಂತ ಈ ಕೋಡ್ ಹೇಳುತ್ತದೆ.

ಇದಕ್ಕೆ ಎರಡು ಆದೇಶಗಳಿವೆ. ಎಲ್ಲರೂ ಮೊದಲು ಎಸ್‌ಎಫ್‌ಸಿ ಸ್ಕ್ಯಾನ್‌ನೌ ಹೊಡೆಯುತ್ತಾರೆ. ಅದು ಕೆಟ್ಟ ಫೈಲನ್ನು ಉಗ್ರಾಣದ ಪ್ರತಿಯಿಂದ ಸರಿ ಮಾಡುತ್ತದೆ. ಉಗ್ರಾಣದಲ್ಲೇ ಹುಳ ಬಿದ್ದಿದ್ದರೆ? ಅದಕ್ಕೇ ಮೊದಲು ಉಗ್ರಾಣವನ್ನೇ ಸರಿ ಮಾಡುವ ಡಿಐಎಸ್‌ಎಂನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ. ಈ ಕ್ರಮ ನನ್ನ ಮಟ್ಟಿಗೆ ಗಟ್ಟಿ.

ಶುಕ್ರವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಮಾಡಿಸಿದೆ. ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟನ್ನು, ಅಡ್ಮಿನ್ ಆಗಿ ತೆರೆಯೋದು ಹೇಗೆ ಅಂತ ತೋರಿಸಿದೆ. ಅಕ್ಷರ ಅಕ್ಷರ ಹೇಳಿದೆ, ಎಲ್ಲಿ ಜಾಗ ಬಿಡಬೇಕು, ಎಲ್ಲಿ ಓರೆಗೆರೆ ಅಂತ. ಅವಳು ಟೈಪ್ ಮಾಡಿ ಗಟ್ಟಿಯಾಗಿ ಓದಿ ಹೇಳಿದಳು. ಪರ್ಸೆಂಟ್ ಓಡಿತು. 62.3ಕ್ಕೆ ಬಂದು ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಅಕ್ಕ ಹಿಂದಿನಿಂದ "ಸತ್ತೋಯ್ತೇನಪ್ಪಾ" ಅಂದಳು. ಕ್ಯಾಬಿನೆಟ್ ಮೇಲಿನ ಸಣ್ಣ ಕೆಂಪು ದೀಪ ನೋಡಮ್ಮ ಅಂದೆ. ಹುಡುಗಿ ಫೋನನ್ನು ಕೆಳಗಿಳಿಸಿ ಹಿಡಿದಳು. ಕತ್ತಲೆಯಲ್ಲಿ ಆ ದೀಪ ಬಿಟ್ಟು ಬಿಟ್ಟು ಮಿನುಗುತ್ತಿತ್ತು. ಡಿಸ್ಕ್ ಓದುತ್ತಿದೆ, ಬದುಕಿದೆ. ಆ ಅಂಕಿಗೆ ಬಂದು ನಿಲ್ಲೋದು ಡಿಐಎಸ್‌ಎಂನಲ್ಲಿ ಮಾಮೂಲು, ಕಾಯಬೇಕು ಅಷ್ಟೇ. ನಾವು ಮೂವರೂ ಏನೂ ಮಾತಾಡದೆ ಆ ದೀಪವನ್ನೇ ನೋಡುತ್ತಾ ಕೂತೆವು. ಕಾಲು ಗಂಟೆಯ ಮೇಲೆ ಅಂಕಿ ಮುಂದೆ ಹೋಯಿತು.

ಕೊನೆಗೆ ಬಂದ ಉತ್ತರ 0ಎಕ್ಸ್800ಎಫ್081ಎಫ್. ಸರಿ ಮಾಡಲು ಬೇಕಾದ ಅಸಲಿ ಫೈಲ್ ಸಿಗಲಿಲ್ಲ ಅಂತ. ಅಂದರೆ ವಿಂಡೋಸ್‌ನ ಪೂರ್ತಿ ಪ್ರತಿಯನ್ನು ನಾವೇ ಒದಗಿಸಬೇಕು.

ಪೂರ್ತಿ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದರೆ ಒಂದು ಮಧ್ಯಾಹ್ನದ ಕೆಲಸ ಅಂತ ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ಭಾವನ ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸ್ ಆ ವಿಂಡೋಸ್‌ಗೇ ಕಟ್ಟಿದ್ದು. ಅದಕ್ಕಿಂತ ಹೆಚ್ಚಾಗಿ ಅಕ್ಕ ಹಳೇ ನುಡಿ ಫಾಂಟಿನಲ್ಲಿ ಟೈಪಿಸಿದ ವಚನ, ಹಾಡುಗಳ ಕಡತಗಳು. ಯುನಿಕೋಡ್‌ಗಿಂತ ಮುಂಚಿನ ಫಾಂಟ್ ಅವು, ಫಾಂಟ್ ಹೋದರೆ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಎಲ್ಲವನ್ನೂ ಇದ್ದ ಹಾಗೇ ಇಟ್ಟು ವಿಂಡೋಸನ್ನು ಮಾತ್ರ ಮೇಲಿಂದ ಮತ್ತೆ ಹಾಕುವ ದಾರಿ ಇದೆ. ನಿಧಾನ, ಆದರೆ ಮನೆಯವರ ಕೆಲಸಕ್ಕೆ ಗೌರವ ಕೊಡುವ ದಾರಿ ಅದು.

ನವೆಂಬರ್ 9

ಕಲಬುರಗಿಯಲ್ಲಿ ವಿಂಡೋಸ್ 10ರ ಐಎಸ್‌ಒ, ಅಂದರೆ ಪೂರ್ತಿ ವಿಂಡೋಸ್ ಒಂದೇ ಫೈಲಿನಲ್ಲಿ ಇರುವ ಪ್ರತಿ, ಇಳಿಸಿಕೊಂಡೆ. 5 ಜಿಬಿಗೂ ಮೇಲೆ. ಪೆನ್‌ಡ್ರೈವ್‌ಗೆ ಹಾಕಲು ಹೋದರೆ ಜಾಗ ಇದ್ದರೂ ಹಿಡಿಯೋದಿಲ್ಲ ಅಂತು. ಪೆನ್‌ಡ್ರೈವ್ ಫ್ಯಾಟ್32 ಅನ್ನೋ ಫೈಲ್ ಜೋಡಿಸುವ ಹಳೇ ಪದ್ಧತಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರಲ್ಲ. ಎನ್‌ಟಿಎಫ್‌ಎಸ್ ಅನ್ನೋ ಇನ್ನೊಂದು ಪದ್ಧತಿಗೆ ಫಾರ್ಮ್ಯಾಟ್ ಮಾಡಿದ ಮೇಲೆ ಕೂತಿತು.

ಯಾದಗಿರಿಗೆ ಹೋಗಿ ಐಎಸ್‌ಒ ಮೇಲೆ ಎರಡು ಸಲ ಒತ್ತಿ, ಸೆಟಪ್ ಓಡಿಸಿದೆ. ಏನೇನು ಉಳಿಸಿಕೊಳ್ಳಬೇಕು ಅನ್ನೋ ಪುಟದಲ್ಲಿ "ಫೈಲ್ ಮತ್ತು ಆ್ಯಪ್ ಎರಡೂ" ಅನ್ನೋ ಸಾಲು ಮಂಕಾಗಿತ್ತು. ಒತ್ತೋಕೇ ಬರಲ್ಲ. ಅಲ್ಲೇ ನಿಲ್ಲಿಸಿದೆ. ಹುಡುಕಿದಾಗ ತಿಳಿದದ್ದು ಇಷ್ಟು: ಈ ಕಂಪ್ಯೂಟರಿನ ಮೂಲ ಭಾಷೆ ಅಮೆರಿಕದ ಇಂಗ್ಲಿಷ್, ನಾನು ತಂದದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್. ಎರಡೂ ಇಂಗ್ಲಿಷೇ, ಆದರೆ ವಿಂಡೋಸ್‌ಗೆ ಬೇರೆ ಬೇರೆ ಭಾಷೆ. ಡಿಐಎಸ್‌ಎಂನಲ್ಲೇ ಗೆಟ್ ಇಂಟ್ಲ್ ಅನ್ನೋ ಆದೇಶ ಕೊಟ್ಟರೆ ಮೂಲ ಭಾಷೆ ಯಾವುದು ಅಂತ ತೋರಿಸುತ್ತದೆ. ಐಎಸ್‌ಒ ಇಳಿಸುವ ಮುಂಚೆ ಅದನ್ನು ಫೋನಿನಲ್ಲೇ ಕೇಳಿದ್ದರೆ ಒಂದು ರವಿವಾರ ಉಳಿಯುತ್ತಿತ್ತು. ನೀವು ಮಾಡೋದಾದರೆ ಇದನ್ನೇ ಮೊದಲು ನೋಡಿ.

ದಿನ ಪೂರ್ತಿ ಹಾಳಾಗಲಿಲ್ಲ. ಯುಪಿಎಸ್ ಬಿಚ್ಚಿದೆ. ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿತ್ತು. ನಮ್ಮ ಕಡೆ ಬೇಸಿಗೆ ಅಂದರೆ 40 ಡಿಗ್ರಿ ದಾಟೋದು ಸಹಜ, ಸೀಸ-ಆಸಿಡ್ ಬ್ಯಾಟರಿಗೆ ಆ ಶಾಖವೇ ಶತ್ರು. ಹೊಸದು ತಂದು ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸಿಕ್ಕಿಸಿದೆ. ರಾತ್ರಿಯೆಲ್ಲಾ ಚಾರ್ಜ್ ಆಗಲಿ ಅಂತ ಹೇಳಿದೆ. ಮರುದಿನ ಹುಡುಗಿ ಗೋಡೆಯ ಸ್ವಿಚ್ ತೆಗೆದು ಗಡಿಯಾರ ಹಿಡಿದು ನೋಡಿದಳು. 11 ನಿಮಿಷ ನಿಂತಿತಂತೆ. ಕರೆಂಟ್ ಬಂದು ಹೋಗಿ ಮಾಡುವ ಆಟಕ್ಕೆ ಅಷ್ಟು ಸಾಕು. ಉದ್ದ ಕಟ್ ಇರೋ ದಿನ ಅಪ್‌ಡೇಟ್ ಮುಟ್ಟಬಾರದು ಅಂತ ಮನೆಯಲ್ಲೇ ತೀರ್ಮಾನ ಆಯಿತು.

ನವೆಂಬರ್ 16

ಸರಿಯಾದ ಭಾಷೆಯ ಐಎಸ್‌ಒ. ಮೊದಲು ಭಾವನ ಲೆಕ್ಕ, ಅಕ್ಕನ ಕಡತ, ಫೋಟೊ ಎಲ್ಲಾ ನನ್ನ ಹೊರಗಿನ ಡಿಸ್ಕ್‌ಗೆ ನಕಲು. ಆಮೇಲೆ ಸೆಟಪ್. ಈ ಸಲ ಆ ಸಾಲು ಮಂಕಾಗಿರಲಿಲ್ಲ.

ಒಂದು ಗಂಟೆ 40 ನಿಮಿಷ ಹಿಡಿಯಿತು. ನಡುವೆ ನಾಲ್ಕು ಸಲ ತಾನೇ ರೀಸ್ಟಾರ್ಟ್ ಆಯಿತು. ಅಕ್ಕ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಊಟ ಮಾಡುವಾಗಲೂ ಬಾಗಿಲಿನಿಂದ ಪರದೆ ಕಾಣುವ ಹಾಗೆ ಕೂತಿದ್ದೆ. ಡೆಸ್ಕ್‌ಟಾಪ್ ಬಂದಾಗ ಅಕ್ಕ ಮೊದಲು ತೆರೆದದ್ದು ತನ್ನ ಹಾಡಿನ ಕಡತ. ಅಕ್ಷರ ಎಲ್ಲಾ ಇದ್ದ ಹಾಗೇ. ಭಾವನ ಲೆಕ್ಕವೂ ಲೈಸೆನ್ಸ್ ಕೇಳದೆ ತೆರೆಯಿತು. ಡಿಐಎಸ್‌ಎಂ ಓಡಿಸಿದರೆ ದೋಷ ಇಲ್ಲ, ಎಸ್‌ಎಫ್‌ಸಿ ಓಡಿಸಿದರೆ ದೋಷ ಇಲ್ಲ. ಎರಡು ತಿಂಗಳಿಂದ ಸೋಲುತ್ತಿದ್ದ ಅಪ್‌ಡೇಟ್ 25 ನಿಮಿಷದಲ್ಲಿ ಕೂತಿತು. ಹುಡುಗಿ ನೋಟ್‌ಬುಕ್‌ನಲ್ಲಿ ಕೋಡ್ ಬರೆಯೋ ಜಾಗದಲ್ಲಿ ದೊಡ್ಡದಾಗಿ ಒಂದು ಟಿಕ್ ಹಾಕಿದಳು.

ನವೆಂಬರ್ 23

ಹನ್ನೊಂದಕ್ಕೆ ಹೋಗುವ ದಿನ. ಹನ್ನೊಂದು ನಡೆಯುತ್ತದಾ ಅಂತ ನೋಡುವ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಪ್ರೊಸೆಸರ್ ಸರಿ, ರ‍್ಯಾಮ್ ಸರಿ, ಭದ್ರತೆಯ ಕೀಲಿ ಕಾಯುವ ಟಿಪಿಎಂ 2.0 ಇಲ್ಲ ಅಂತು. ಇದನ್ನು ನೋಡಿ ಹೊಸ ಕಂಪ್ಯೂಟರ್ ಕೊಳ್ಳಲು ಹೊರಡುವವರನ್ನು ನಾನು ಬಲ್ಲೆ. ಸ್ವಲ್ಪ ತಡೆಯಿರಿ. ಎಂಟನೇ ತಲೆಮಾರಿನ ಇಂಟೆಲ್‌ನಲ್ಲಿ ಟಿಪಿಎಂ ಕೆಲಸವನ್ನು ಪಿಟಿಟಿ ಅನ್ನೋ ಸೌಲಭ್ಯ ಮಾಡುತ್ತದೆ. ಬಹಳ ಬೋರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಆನ್ ಮಾಡುವಾಗ ಡಿಲೀಟ್ ಕೀ ಒತ್ತುತ್ತಾ ಬಯಾಸ್‌ಗೆ, ಅಂದರೆ ಮದರ್‌ಬೋರ್ಡಿನ ಹೊಂದಿಕೆಯ ಪುಟಕ್ಕೆ, ಹೋಗಿ ಪಿಟಿಟಿ ಆನ್ ಮಾಡಿ ಉಳಿಸಿದೆ. ಹೆಲ್ತ್ ಚೆಕ್ ಎಲ್ಲಾ ಹಸಿರು.

ಹಳೇ ಸೆಲ್ ಇಟ್ಟುಕೊಂಡೇ ಈ ಕೆಲಸಕ್ಕೆ ಕೈ ಹಾಕಿದ್ದರೆ ಇನ್ನೂ ಗೋಜಲಾಗುತ್ತಿತ್ತು. ಸೆಲ್ ಸತ್ತಾಗ ಕೆಲವು ಬೋರ್ಡ್‌ಗಳು ಬಯಾಸ್‌ನ ಹೊಂದಿಕೆಯನ್ನೂ ಮರೆತು ಮೂಲಸ್ಥಿತಿಗೆ ಹೋಗುತ್ತವೆ. ಇವತ್ತು ಪಿಟಿಟಿ ಆನ್ ಮಾಡಿದರೆ ನಾಳೆ ಮತ್ತೆ ಆಫ್, ಕಾರಣ ಮಾತ್ರ ಕಾಣಲ್ಲ.

ಸೆಟಪ್ ಮತ್ತೆ ಅದೇ ದಾರಿ, ಅದೇ ಭಾಷೆ, ಎರಡನ್ನೂ ಉಳಿಸಿಕೊಂಡು. ಸಂಜೆ ರೈಲಿನ ಹೊತ್ತಿಗೆ ಮುಗಿದಿತ್ತು. ಸ್ಟಾರ್ಟ್ ಬಟನ್ ನಡುವೆ ಬಂದದ್ದು ಭಾವನಿಗೆ ಹಿಡಿಸಲಿಲ್ಲ, ಎಡಕ್ಕೆ ಸರಿಸಿ ಕೊಟ್ಟೆ.

ಒಂದು ವಾರದ ಮೇಲೆ ಹುಡುಗಿಯ ಮೆಸೇಜ್ ಬಂತು. ರಾತ್ರಿ ದಿನಾ ಬೋರ್ಡಿನ ಸ್ವಿಚ್ ತೆಗೆದಿದ್ದಾರೆ, ಮುಂಜಾನೆ ದಿನಾ ಗಡಿಯಾರ ಸರಿ ಇದೆ. ನಡುವೆ ಒಂದು ಅಪ್‌ಡೇಟ್ ತಾನಾಗಿ ಬಂದು ಕೂತಿದೆ, ಅಕ್ಕನಿಗೆ ಗೊತ್ತೇ ಆಗಲಿಲ್ಲವಂತೆ. ಪ್ರಿಂಟರ್ ಅಚ್ಚು ಹಾಕುತ್ತದೆ, ಆದರೆ ಸ್ಕ್ಯಾನ್ ಒತ್ತಿದರೆ ಮಾತ್ರ ಏನೂ ಆಗಲ್ಲ ಅಂತ ಬರೆದಿದ್ದಳು. ಸಂಕ್ರಾಂತಿಗೆ ಹೋದಾಗ ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ನೋಡಬೇಕು.